ವೈಸಿಗೆ ಕಟ್ಟಿದ ಗುರಿ

ಅಕ್ಕನ ಕೋಳಿ ಶೆಡ್ಡಿನಲ್ಲಿ ಬೆಕ್ಕು ಇರಲಿಲ್ಲ. ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಮರಿಗಳನ್ನು ಇಳಿಸಿದ ದಿನವೇ ಕಂಪನಿಯ ಸೂಪರ್‌ವೈಸರ್ ಹೇಳಿ ಹೋಗಿದ್ದ: ಬೆಕ್ಕು ಬೇಡ, ನಾಯಿ ಬೇಡ, ಇಲಿ ಪಾಷಾಣ ಬೇಡ. ಬೆಕ್ಕು ಕಂಡರೆ ಕೋಳಿ ಬೆದರುತ್ತವೆ. ಪಾಷಾಣ ತಿಂದ ಇಲಿ ಮೇವಿನ ತೊಟ್ಟಿಯಲ್ಲಿ ಬಿದ್ದು ಸತ್ತರೆ ಕೋಳಿಗಳೂ ಅದರ ಹಿಂದೆಯೇ ಹೋಗುತ್ತವೆ. ಈ ನಿಯಮಗಳನ್ನು ಯಾರೋ ಇಲಿಗಳಿಗೂ ಓದಿ ಹೇಳಿದಂತಿತ್ತು. ಹೊತ್ತು ಇಳಿಯುತ್ತಲೇ ಹೊಸ ಅಳಿಯಂದಿರ ಹಾಗೆ ಸಾಲಾಗಿ ಬಂದು, ತಿಂದು, ತೊಟ್ಟಿಯಲ್ಲೇ ಹಿಕ್ಕೆ ಹಾಕಿ ಹೋಗುತ್ತಿದ್ದವು. ಬರಬರುತ್ತಾ ಮಲಗಿದ ಕೋಳಿಗಳ ಕಾಲ್ಬೆರಳನ್ನೂ ಕಚ್ಚತೊಡಗಿದವು.

ಪಂಜರದ ಕೋಳಿಗಳಲ್ಲ ಇವು. ನೆಲಕ್ಕೆ ಹೊಟ್ಟು ಹಾಸಿ ಬಿಟ್ಟು ಸಾಕಿದವು. ಮರಿಯೂ ಕಂಪನಿಯದು, ಮೇವೂ ಕಂಪನಿಯದು. ಮೊಟ್ಟೆಯಿಡುವ ಪ್ರಾಯಕ್ಕೆ ತಂದು ಒಪ್ಪಿಸುವುದು ಅಕ್ಕನ ಕೆಲಸ. ಎಷ್ಟು ಕೋಳಿ ಜೀವಂತ ಒಪ್ಪಿಸಿದಳು ಎನ್ನುವುದರ ಮೇಲೆ ಮುಂದಿನ ಮರಿ ಬರುತ್ತವೋ ಇಲ್ಲವೋ ಎನ್ನುವುದು ನಿಂತಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ಹೊಲಿದು ಸಾಕಾಗಿ, ಅದನ್ನು ಬಿಟ್ಟು ಈ ಶೆಡ್ಡು ಕಟ್ಟಿಸಿದವಳು ಅವಳು. ಇದು ಮೊದಲ ತಂಡ. ಕೊನೆಯದೂ ಇದೇ ಆಗಬಾರದೆಂದು ದಿನಕ್ಕೆ ಹತ್ತು ಸಲ ಒಳಗೆ ಹೋಗಿ ನೋಡಿ ಬರುತ್ತಿದ್ದಳು.

ತಮ್ಮನನ್ನು ಮನೆಯಲ್ಲಿ ಎಲ್ಲರೂ ಫಿಟ್ಟರ್ ಎಂದೇ ಕರೆಯುತ್ತಿದ್ದರು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವನು ಫಿಟ್ಟರ್ ಆಗಿದ್ದ. ಕಾರ್ಖಾನೆ ಮುಚ್ಚಿತು, ಹೆಸರು ಉಳಿಯಿತು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಅಕ್ಕನ ಮನೆಗೆ ಬಂದವನು ಮಳೆಗಾಲ ಕಳೆದು ಚಳಿ ಬಂದರೂ ಹೋಗಿರಲಿಲ್ಲ. ಬರುವಾಗ ಬಟ್ಟೆಗಿಂತ ಭಾರವಾದ ಒಂದು ವೈಸನ್ನು ಹೊತ್ತು ತಂದಿದ್ದ. ಕಬ್ಬಿಣವನ್ನು ಎರಡು ದವಡೆಯ ನಡುವೆ ಕಚ್ಚಿ ಹಿಡಿಯುವ, ಹಸಿರು ಬಣ್ಣ ಉದುರಿದ ಹಳೇ ವೈಸು. ಬಸ್ಸು ಓಡಿಸುತ್ತಿದ್ದ ಭಾವ ಅದನ್ನು ನೋಡಿ, "ಬಾಮೈದ್ರು ಹೆಂಡತೀನ ಕರ್ಕೊಂಡೇ ಬಂದಿದಾರೆ" ಎಂದಿದ್ದ. ಫಿಟ್ಟರ್ ನಕ್ಕಿದ್ದ. ಅಕ್ಕನ ಮನೆಯ ಅನ್ನ ತಿನ್ನುವವನಿಗೆ ಭಾವನ ಹಾಸ್ಯ ಉಪ್ಪಿನಕಾಯಿಯ ಹಾಗೆ, ತಟ್ಟೆಗೆ ಬಿದ್ದದ್ದನ್ನು ತಿನ್ನಬೇಕು.

ಬೋನು ಇಟ್ಟು ನೋಡಿದರು. ಮೊದಲ ವಾರ ನಾಲ್ಕಾರು ಪೆದ್ದ ಇಲಿಗಳು ಬಿದ್ದವು. ಉಳಿದವು ಬೋನಿನ ಮೇಲೆಯೇ ಹತ್ತಿ ದಾಟತೊಡಗಿದವು. ಆಗ ಭಾವನಿಗೆ ಅಟ್ಟದ ಮೇಲಿದ್ದ ಏರ್ ರೈಫಲ್ ನೆನಪಾಯಿತು. ಯಾವುದೋ ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಅಗ್ಗವೆಂಬ ಒಂದೇ ಕಾರಣಕ್ಕೆ ಮನೆಗೆ ಬಂದಿದ್ದ ಮಾಲು. ನಳಿಗೆ ಮಡಚಿ ಸ್ಪ್ರಿಂಗ್ ಎಳೆದು ಸೀಸದ ಕಾಳು ತುಂಬುವಂಥದ್ದು. ಭಾವ ಅದನ್ನು ಕೆಳಗಿಳಿಸಿ, ಶೆಡ್ಡಿನ ಹಿಂದೆ ನಿಂತು ಮಣ್ಣಿನ ದಿಬ್ಬಕ್ಕೆ ಒಂದು ಹೊಡೆದ.

ಅಕ್ಕ ಶೆಡ್ಡಿನ ಒಳಗಿದ್ದಳು. ಸದ್ದಾದ ಕೂಡಲೇ ಸಾವಿರಾರು ಕತ್ತುಗಳು ಒಟ್ಟಿಗೆ ಮೇಲೆದ್ದವು, ಆಮೇಲೆ ಇಡೀ ಹಿಂಡು ಒಂದೇ ಮೈಯಂತೆ ಎದುರು ಗೋಡೆಯ ಕಡೆ ಸರಿಯಿತು. ಕೋಳಿಗೆ ಹೆದರಿಕೆಯಾದರೆ ಮೂಲೆ ಹುಡುಕುತ್ತದೆ. ಒಂದು ಓಡಿದ ಮೂಲೆಗೇ ಎಲ್ಲವೂ ಓಡುತ್ತವೆ. ಮೇಲೆ ಮೇಲೆ ಬಿದ್ದು ಗುಡ್ಡೆಯಾಗುತ್ತವೆ, ಅಡಿಯಲ್ಲಿದ್ದವು ಉಸಿರು ಕಟ್ಟಿ ಸಾಯುತ್ತವೆ. ಅವತ್ತು ಹಗಲು, ಬೆಳಕಿತ್ತು, ಅಕ್ಕನ ಪರಿಚಿತ ದನಿಯೂ ಇತ್ತು. ಹಿಂಡು ಅರ್ಧಕ್ಕೇ ನಿಂತಿತು. ಅಕ್ಕ ಹೊರಗೆ ಬಂದವಳು ಕೂಗಾಡಲಿಲ್ಲ. ಇನ್ನೊಮ್ಮೆ ಈ ಸದ್ದು ಕೇಳಿಸಿದರೆ ಗಂಡ, ತಮ್ಮ ಇಬ್ಬರನ್ನೂ ಇಲಿಗಳ ಜೊತೆ ಒಳಗೆ ಹಾಕಿ ಬೀಗ ಹಾಕುವೆನೆಂದು ಹೇಳಿ ಒಳಗೆ ಹೋದಳು.

ಭಾವ ರೈಫಲನ್ನು ಮತ್ತೆ ಅಟ್ಟಕ್ಕೆ ಎಸೆಯುವವನಿದ್ದ. ಫಿಟ್ಟರ್ ಕೈ ಚಾಚಿ ಇಸಿದುಕೊಂಡ. ಅವನ ಕಿವಿಗೆ ಆ ಸದ್ದು ಒಂದಾಗಿ ಕೇಳಿಸಿರಲಿಲ್ಲ, ಮೂರಾಗಿ ಕೇಳಿಸಿತ್ತು. ಮೊದಲು ಪಟಾಕಿಯಂಥ ಒಂದು ಸಿಡಿತ. ಹಿಂದೆಯೇ ಸ್ಪ್ರಿಂಗಿನ ಝಂಯ್ ಎಂಬ ನಡುಕ. ಕೊನೆಯಲ್ಲಿ ಸಡಿಲ ಸ್ಕ್ರೂಗಳ ಗಲಗಲ. ಮೂರಕ್ಕೂ ಮದ್ದಿದೆ ಎಂದು ಅವನಿಗೆ ಅನ್ನಿಸಿತು. ಕಾರ್ಖಾನೆ ಮುಚ್ಚಿದ ಮೇಲೆ ಹಾಗೆ ಅನ್ನಿಸಿದ್ದು ಇದೇ ಮೊದಲು.

ಹಿಂದಿನ ಜಗುಲಿಯಲ್ಲಿ ಕಟ್ಟಿಗೆಯ ಮೇಜಿಗೆ ವೈಸನ್ನು ಬಿಗಿದು ಕೂತ. ಸ್ಪ್ರಿಂಗ್ ಎಗರಿ ಹಲ್ಲು ಉದುರಿಸದಂತೆ ಉದ್ದ ಬೋಲ್ಟಿನಿಂದ ಅದುಮಿ ಹಿಡಿದು, ನಿಧಾನಕ್ಕೆ ಬಿಟ್ಟು ಹೊರಗೆ ತೆಗೆದ. ಸಿಲಿಂಡರಿನ ಒಳಗೆ ಕಾರ್ಖಾನೆಯವರು ಧಾರಾಳವಾಗಿ ಎಣ್ಣೆ ಸುರಿದಿದ್ದರು. ಹೊಡೆದಾಗ ಗಾಳಿ ಒತ್ತಿ ಬಿಸಿಯಾಗಿ ಆ ಎಣ್ಣೆಯೇ ಉರಿಯುತ್ತಿತ್ತು, ಸಿಡಿತ ಅದರದ್ದು. ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದ. ಒಳಗಿನ ಅಂಚುಗಳು ಗರಗಸದ ಹಲ್ಲಿನಂತಿದ್ದವು, ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ. ಪಿಸ್ಟನ್ನಿನ ತುದಿಯ ವಾಷರ್ ಆ ಅಂಚಿಗೆ ಸಿಕ್ಕಿ ಹರಿದಿತ್ತು, ದಪ್ಪ ಚರ್ಮದಲ್ಲಿ ಹೊಸದು ಕತ್ತರಿಸಿದ. ಸ್ಪ್ರಿಂಗಿನ ಒಳಗಿನ ಸರಳು ತೆಳ್ಳಗಿತ್ತು. ಸ್ಪ್ರಿಂಗ್ ಅದರ ಮೇಲೆ ಹುಡುಗಿಯ ಕೈಗೆ ತೊಡಿಸಿದ ಅಮ್ಮನ ಬಳೆಯಂತೆ ಆಡುತ್ತಿತ್ತು. ನೈಲಾನ್ ತುಂಡೊಂದನ್ನು ಕೆತ್ತಿ, ಕೊನೆಯ ಕೂದಲೆಳೆ ದಪ್ಪವನ್ನು ಉಜ್ಜಿ ಉಜ್ಜಿ ತೆಗೆದು, ಬಿಗಿಯಾಗಿ ಕೂರುವ ಹೊಸ ಸರಳು ಮಾಡಿದ. ಮೇಲೆ ಅಂಟು ಗ್ರೀಸು ತೆಳುವಾಗಿ ಬಳಿದ. ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿ ಬಿಗಿದ. ನಳಿಗೆಯ ಬಾಯಲ್ಲಿ ಒಂದು ಮುಳ್ಳು ಎದ್ದಿತ್ತು, ಅದನ್ನೂ ಉಜ್ಜಿದ.

ಭಾವ ಡ್ಯೂಟಿ ಮುಗಿಸಿ ಬಂದು ಪ್ರತಿ ಸಂಜೆ ಒಂದು ಮಾತು ಹಾಕುತ್ತಿದ್ದ. ಬೆಟ್ಟ ಅಗೆದು ಇಲಿ ಹಿಡಿದವರ ಕತೆ ಕೇಳಿದ್ದೆ, ಇಲಿ ಹಿಡಿಯೋದಕ್ಕೆ ಬೆಟ್ಟ ಕಟ್ಟುವವರನ್ನು ಈಗ ನೋಡುತ್ತಿದ್ದೇನೆ ಎನ್ನುತ್ತಿದ್ದ. ಆದರೆ ಬರಬರುತ್ತಾ ಮೇಜಿನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂರತೊಡಗಿದ.

ಸದ್ದು ಸತ್ತಿತು. ಈಗ ಟಪ್ ಎಂಬ ಒಂದು ಒಣ ಶಬ್ದ ಮಾತ್ರ, ಯಾರೋ ಪುಸ್ತಕ ಮುಚ್ಚಿದ ಹಾಗೆ. ಅಕ್ಕ ಬಾಯಿಮಾತು ನಂಬುವವಳಲ್ಲ. ತಮ್ಮನನ್ನು ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿ, ಚಿಂದಿ ತುಂಬಿದ ಚೀಲಕ್ಕೆ ನಳಿಗೆಯ ಮೂತಿ ಆನಿಸಿ ಹೊಡೆಯಲು ಹೇಳಿ, ತಾನು ಒಳಗೆ ನಿಂತು ಕೋಳಿಗಳ ಕತ್ತು ನೋಡಿದಳು. ಒಂದೂ ಏಳಲಿಲ್ಲ. ಹತ್ತಿರದ ಒಂದು ಕೋಳಿ ಮಾತ್ರ ತಲೆ ಓರೆ ಮಾಡಿ, ಇದರಲ್ಲೇನೂ ತಿನ್ನುವಂಥದ್ದಿಲ್ಲವೆಂದು ಹೊಟ್ಟು ಕೆದಕಲು ಹೋಯಿತು. ಅಕ್ಕ ತಮ್ಮನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದಳು. ಅವಳ ಮೆಚ್ಚುಗೆಯ ಅಳತೆ ಅಷ್ಟೇ.

ಇನ್ನು ಗುರಿ. ಕಾರ್ಖಾನೆಯಲ್ಲಿ ಹಿರಿಯ ಮೇಸ್ತ್ರಿ ಅವನಿಗೆ ಕಲಿಸಿದ್ದ ಮೊದಲ ಪಾಠ, ಕೈಯನ್ನು ನಂಬಬೇಡ, ವೈಸನ್ನು ನಂಬು ಎನ್ನುವುದು. ಕೈ ನಡುಗುತ್ತದೆ, ಉಸಿರಾಡುತ್ತದೆ, ಊಟ ತಡವಾದರೆ ಸಿಟ್ಟಾಗುತ್ತದೆ. ವೈಸಿಗೆ ಇವು ಯಾವುವೂ ಇಲ್ಲ. ಹಾಗಾಗಿ ಫಿಟ್ಟರ್ ರೈಫಲನ್ನು ಹಳೇ ಕಂಬಳಿ ತುಂಡಿನಲ್ಲಿ ಸುತ್ತಿ ವೈಸಿನ ದವಡೆಗೆ ಕೊಟ್ಟು ಬಿಗಿದ. ಶೆಡ್ಡಿನ ಬಾಗಿಲಿಂದ ಇಲಿಯ ದಾರಿಗೆ ಎಷ್ಟು ದೂರವೋ ಅಷ್ಟೇ ದೂರ ಹಿತ್ತಲಲ್ಲಿ ಅಳೆದು ಕಾಗದ ಅಂಟಿಸಿದ. ಹೊಡೆದ, ನಳಿಗೆಯ ಮೇಲಿನ ಗುರಿಪಟ್ಟಿಯ ಸ್ಕ್ರೂ ತಿರುಗಿಸಿದ, ಮತ್ತೆ ಹೊಡೆದ. ಕಡೆಗೆ ಎಲ್ಲ ಗುಂಡುಗಳೂ ಒಂದೇ ತೂತಿನಲ್ಲಿ ಹೋಗತೊಡಗಿದವು. ಆ ಕಾಗದವನ್ನು ಭಾವ ಬೆಳಕಿಗೆ ಹಿಡಿದು ನೋಡಿ, ಮೊದಲ ಸಲ ಏನೂ ಹಾಸ್ಯ ಮಾಡದೆ ವಾಪಸು ಕೊಟ್ಟ.

ಇಲಿಗಳು ಮೇವಿನ ಕೋಣೆಯ ಕಡೆಯ ಗಿಡ್ಡ ಗೋಡೆಯ ಮೇಲೆ ಬರುತ್ತಿದ್ದವು. ಒಂದು ತಿರುವಿನಲ್ಲಿ ಪ್ರತಿಯೊಂದೂ ನಿಂತು ಮೂಸಿ ಮುಂದೆ ಹೋಗುತ್ತಿತ್ತು. ಆ ತಿರುವಿನ ಹಿಂದೆ ಇದ್ದದ್ದು ತಗಡು. ಗುಂಡು ಅದಕ್ಕೆ ಬಡಿಯಬಾರದು ಎಂಬುದು ಫಿಟ್ಟರ್‌ಗೂ ಗೊತ್ತಿತ್ತು, ಹೊಟ್ಟು ತುಂಬಿದ ಗೋಣಿಯೊಂದನ್ನು ಅಲ್ಲಿ ತೂಗುಹಾಕಲು ತಂದ. ಅಕ್ಕ ತಡೆದಳು. ಹೊಸ ವಸ್ತು ಕಂಡರೂ ಕೋಳಿ ಬೆದರುತ್ತವೆ, ದೊಡ್ಡದು ಬೇಡ, ಚಿಕ್ಕದು ಮಾಡು ಎಂದಳು. ಅವನು ಗೋಣಿಯನ್ನು ಕತ್ತರಿಸಿ ಒಂದು ತೆಂಗಿನಕಾಯಿಯಷ್ಟು ಮಾಡಿ ತೂಗುಹಾಕಿದ. ಕೋಳಿಗಳಿಗೆ ರೂಢಿಯಾಗಲೆಂದು ಕೆಲವು ದಿನ ಬಿಟ್ಟರು.

ಅಕ್ಕ ಗೋಣಿಯನ್ನೇ ನೋಡುತ್ತಾ ಕೇಳಿದಳು. "ಇಲಿಗೆ ತಪ್ಪಿದ್ರೆ?"

"ಗೋಣಿ ಇದೆಯಲ್ಲ."

"ಗೋಣಿಗೂ ತಪ್ಪಿದ್ರೆ?"

"ಒಂದೇ ತೂತು ಅಕ್ಕ. ನೀನೇ ನೋಡಿದೀಯ. ಗೋಣಿ ಎಲ್ಲಿ, ತೂತು ಎಲ್ಲಿ."

ಅಕ್ಕ ಸರಿ ಎಂದಳು. ಒಂದೇ ತೂತಿನ ಕಾಗದವನ್ನು ಅಡಿಗೆಮನೆಯ ಗೋಡೆಗೆ ಮೊಳೆ ಹೊಡೆದು ಅವಳೇ ತೂಗುಹಾಕಿದ್ದಳು.

ಆಮೇಲೆ ಒಂದು ಮುಸ್ಸಂಜೆ ಅಕ್ಕ ದೀಪಗಳನ್ನು ಒಂದೊಂದಾಗಿ ಕುಗ್ಗಿಸಿದಳು. ಕೋಳಿಗಳು ಗೊಣಗುತ್ತಾ ಕೂತವು. ಫಿಟ್ಟರ್ ಬಾಗಿಲ ಪಕ್ಕ ಮೇವಿನ ಮೂಟೆಯ ಮೇಲೆ ರೈಫಲ್ ಊರಿ, ಕೆನ್ನೆ ಒತ್ತಿ, ಎರಡೂ ಕೈಯಲ್ಲಿ ವೈಸಿನ ಹಾಗೆ ಬಿಗಿಹಿಡಿದು ಕಾದ. ಮೊದಲ ಇಲಿ ಬಂತು. ಬೆಕ್ಕಿನ ಮರಿಯಷ್ಟು ದಪ್ಪ. ತಿರುವಿನಲ್ಲಿ ನಿಂತು ಮೂಗು ಎತ್ತಿತು. ನಳಿಗೆಯ ತುದಿಯ ಗುರಿಮಣಿ ಇಲಿಯ ಕಿವಿಯ ಕೆಳಗೆ ಕೂತಿತು, ಅಲುಗಲಿಲ್ಲ. ಅವನು ಟ್ರಿಗರ್ ಎಳೆದ.

ಟಪ್ ಎಂದಿತು. ಅದರ ಹಿಂದೆಯೇ ತಗಡು ಗಣ್ ಎಂದಿತು.

ಮಂಕು ಬೆಳಕಿನಲ್ಲಿ ನೆಲವೇ ಎದ್ದು ಓಡಿದಂತೆ ಕಂಡಿತು. ರೆಕ್ಕೆ, ಹೊಟ್ಟಿನ ಧೂಳು, ಸಾವಿರಾರು ಗಂಟಲುಗಳಿಂದ ಒಂದೇ ಕೆಟ್ಟ ದನಿ. ಎಲ್ಲವೂ ದೂರದ ಮೂಲೆಗೆ ಹೋಗಿ ಗೋಡೆಗೆ ಅಪ್ಪಳಿಸಿ, ಮೇಲೇರಿ, ಮತ್ತೆ ಮೇಲೇರಿದವು. ಫಿಟ್ಟರ್ ರೈಫಲ್ ಬಿಸಾಕಿ ಆ ಕಡೆ ಓಡಿದ. ಅವನು ಓಡಿದ್ದಕ್ಕೆ ನಡುವೆ ನಿಂತಿದ್ದವೂ ಗುಡ್ಡೆಯ ಕಡೆ ನುಗ್ಗಿದವು.

"ಓಡಬೇಡ. ನಡಿ" ಎಂದಳು ಅಕ್ಕ. ಅವಳ ದನಿ ಊಟಕ್ಕೆ ಕರೆಯುವ ದನಿಯಂತಿತ್ತು. ದೀಪ ಪೂರ್ತಿ ಏರಿಸಿ, ದಿನಾ ಮೇವು ಹಾಕುವಾಗ ಆಡುವ ಮಾತನ್ನೇ ಆಡುತ್ತಾ ನಡೆದು ಬಂದಳು. ಇಬ್ಬರೂ ಮೇಲಿನಿಂದ ಕೋಳಿಗಳನ್ನು ಎರಡೆರಡಾಗಿ ಎತ್ತಿ ಹಿಂದಕ್ಕೆ ಇಟ್ಟರು. ಇಟ್ಟವು ಮತ್ತೆ ಗುಡ್ಡೆಗೇ ಹತ್ತುತ್ತಿದ್ದವು. ಭಾವ ಬಂದು ಹಲಗೆಯೊಂದನ್ನು ಅಡ್ಡ ಹಿಡಿದು ನಿಂತ ಮೇಲೆ ಗುಡ್ಡೆ ಕರಗತೊಡಗಿತು. ಮೇಲಿನವು ಒದೆಯುತ್ತಿದ್ದವು. ನಡುವಿನವು ಬಾಯಿ ತೆರೆದು ತೇಕುತ್ತಿದ್ದವು. ಕೆಳಗಿನವು ಬಿಸಿಯಾಗಿದ್ದವು, ಮೈಮೇಲೆ ಒಂದು ಗಾಯವೂ ಇರಲಿಲ್ಲ, ಎತ್ತಿದರೆ ಕತ್ತು ಜೋತು ಬೀಳುತ್ತಿತ್ತು.

ಬೆಳಿಗ್ಗೆ ಗುಂಡಿ ತೋಡುವುದಕ್ಕೆ ಮೊದಲು ಫಿಟ್ಟರ್ ರೈಫಲನ್ನು ಹಿತ್ತಲಿಗೆ ತಂದ. ಅದೇ ದೂರ, ಹೊಸ ಕಾಗದ. ಈ ಸಲ ವೈಸಿಗೆ ಕಟ್ಟಲಿಲ್ಲ, ಮೂಟೆಯ ಮೇಲೆ ಊರಿ ಕೈಯಲ್ಲಿ ಹಿಡಿದು ಹೊಡೆದ. ಗುಂಡುಗಳು ಗುಂಪಾಗಿಯೇ ಬಿದ್ದವು. ಆದರೆ ಗುರಿಯಿಂದ ಒಂದು ಅಂಗೈ ಮೇಲೆ, ಗೋಣಿಯ ತಲೆ ದಾಟುವಷ್ಟು. ಅವನು ಕಾಗದದ ಮುಂದೆ ಕುಕ್ಕುರುಗಾಲಲ್ಲಿ ಕೂತ. ಸ್ಪ್ರಿಂಗ್ ಬಿಟ್ಟಾಗ ಒಳಗಿನ ಪಿಸ್ಟನ್ ನುಗ್ಗುತ್ತದೆ, ಗುಂಡು ನಳಿಗೆ ಬಿಡುವ ಮೊದಲೇ ಇಡೀ ರೈಫಲ್ ಒಮ್ಮೆ ಜಿಗಿಯುತ್ತದೆ. ವೈಸು ಅದನ್ನು ಜಿಗಿಯಲು ಬಿಟ್ಟಿರಲಿಲ್ಲ. ಕೈ ಬಿಟ್ಟಿತ್ತು. ಎಷ್ಟು ಬಿಗಿಹಿಡಿದರೂ ಕೈ ಕೈಯೇ.

ಅಕ್ಕ ಹಿಂದೆ ಬಂದು ನಿಂತಿದ್ದಳು. ಅವನು ಎರಡು ಮಾತಿನಲ್ಲಿ ವಿವರಿಸಿದ. ರೈಫಲ್ ಸರಿಯಾಗಿಯೇ ಇದೆ, ವೈಸಿನಲ್ಲಿ ಒಂದು ಕಡೆ ಹೊಡೆಯುತ್ತದೆ, ಕೈಯಲ್ಲಿ ಇನ್ನೊಂದು ಕಡೆ.

"ಒಂದ್ಸಲಾನೂ ಕೈಯಲ್ಲಿ ಹಿಡಿದು ನೋಡ್ಲಿಲ್ವೇನೋ?"

"ಇಲ್ಲ ಅಕ್ಕ."

ಅವಳು ಸಲಿಕೆಯನ್ನು ಅವನ ಪಕ್ಕ ಇಟ್ಟು ಹೋದಳು. ಆಳವಾಗಿ ತೋಡು, ನಾಯಿಗಳು ಕೆದಕಬಾರದು ಎಂದು ಬಾಗಿಲಿನಿಂದ ಹೇಳಿದಳು. ಭಾವ ಆ ದಿನ ಡ್ಯೂಟಿಗೆ ಹೋಗಲಿಲ್ಲ, ಇನ್ನೊಂದು ಸಲಿಕೆ ಹಿಡಿದು ಬಂದು ತೋಡಿದ. ಅವನು ಒಂದಾದರೂ ಹಾಸ್ಯ ಮಾಡಲಿ ಎಂದು ಫಿಟ್ಟರ್ ಕಾದ. ಮಾಡಲಿಲ್ಲ.

ಹೂಳುವ ಮೊದಲು ಸೂಪರ್‌ವೈಸರ್ ಬಂದು ನೋಡಬೇಕಿತ್ತು. ಮಧ್ಯಾಹ್ನ ಬಂದ. ಮೂಗಿಗೆ ಕರವಸ್ತ್ರ ಹಿಡಿದು, ಸಾಲಾಗಿ ಇಟ್ಟಿದ್ದವನ್ನು ಕಾಲಿನ ತುದಿಯಿಂದ ತೋರಿಸುತ್ತಾ ಎಣಿಸಿದ. ಏನು ನಡೆಯಿತೆಂದು ಕೇಳಿದ. ಅಕ್ಕ ತಮ್ಮನ ಕಡೆ ನೋಡದೆ, ತಗಡಿಗೆ ಏನೋ ಬಡಿದು ಸದ್ದಾಯಿತು ಎಂದಳು. ಫಿಟ್ಟರ್ ಮುಂದೆ ಬಂದು, ಏನೋ ಅಲ್ಲ, ನಾನು ಹೊಡೆದ ಗುಂಡು ಎಂದ. ಸೂಪರ್‌ವೈಸರ್‌ಗೆ ಎರಡೂ ಒಂದೇ ಆಗಿತ್ತು. ಉಳಿದವನ್ನು ವಾರದೊಳಗೆ ಲಾರಿ ಬಂದು ಒಯ್ಯುತ್ತದೆ, ಮುಂದಿನ ಮರಿಗಳನ್ನು ಬೇರೆ ಶೆಡ್ಡಿಗೆ ಇಳಿಸುತ್ತೇವೆ ಎಂದು ಹೇಳಿ ಬೈಕು ಹತ್ತಿದ.

ಹೂಳುವಾಗ ಅಕ್ಕ ಕಂಪನಿಯವನ ಎಣಿಕೆಯನ್ನೂ ನಂಬದೆ ಇನ್ನೊಮ್ಮೆ ತಾನೇ ಎಣಿಸಿದಳು. ಇನ್ನೂರ ಮೂವತ್ತೊಂದು ಕೋಳಿ.