ಏಕೈಕ ಪ್ರತಿ

ಬ್ರಿಟಿಷರ ಕಾಲದಲ್ಲಿ ಬಂಡೀಪುರದ ಕಾಡಿನ ಚಿತ್ರ ಬರೆಯಲು ವಿನ್‌ಲೇ ಎಂಬ ದೊರೆ ಬಂದಿದ್ದ. ಹಂಗಳದ ಚಾಮುಂಡಿ ಅವನಿಗೆ ನಾಲ್ಕು ತಿಂಗಳು ಅಡುಗೆ ಮಾಡಿಹಾಕಿದ್ದಳು. ಹೊರಡುವಾಗ ಅವನು ಅವಳ ಮುಖದ ಪಟವೊಂದಕ್ಕೆ ರುಜು ಹಾಕಿ ಕೊಟ್ಟುಹೋದ. ಚಾಮುಂಡಿ ಸತ್ತು ಎಷ್ಟೋ ವರ್ಷವಾದರೂ ಅವಳ ಮಗಳು ದಿನಾ ಆ ಪಟಕ್ಕೆ ಹೂವಿಡುತ್ತಿದ್ದಳು. ಮೊಮ್ಮಗಳು ಮಲ್ಲಿಗಮ್ಮ ಅದನ್ನು ನೋಡುತ್ತಲೇ ಬೆಳೆದವಳು. ಈಗ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು.

ಚಾಮರಾಜನಗರದ ಅರಿಸಿನ ವ್ಯಾಪಾರಿ ವೃಷಭೇಂದ್ರಪ್ಪನಿಗೆ ವಿನ್‌ಲೇ ಚಿತ್ರಗಳ ಹುಚ್ಚು. ಊಟಿಯ ಹಳೇ ಬಂಗಲೆಗಳನ್ನೆಲ್ಲ ಜಾಲಾಡಿದವನು ಮೂರು ವರ್ಷದ ಹಿಂದೆ ವಾಸನೆ ಹಿಡಿದು ಹಂಗಳಕ್ಕೂ ಬಂದ.

"ಪಟಕ್ಕೆ ಹುಳ ಹಿಡ್ದದೆ ಕಣಮ್ಮ. ಗಾಜು ಹಾಕ್ಸಿ ವಾರದೊಳಗೆ ತಂದ್ಕೊಡ್ತೀನಿ" ಎಂದ.

ದೊಡ್ಡ ಮನುಷ್ಯ. ಮಲ್ಲಿಗಮ್ಮ ಪಟವನ್ನು ಗೋಡೆಯಿಂದ ಇಳಿಸಿಕೊಟ್ಟಳು.

ವಾರ ಹೋಗಿ ವರ್ಷವಾಯಿತು. ಅವಳು ಬಸ್ಸು ಹತ್ತಿ ಅವನ ಮನೆಗೇ ಹೋದಳು. ಅವನು ಒಳಗೆ ಕರೆಯಲಿಲ್ಲ.

"ಬುದ್ದಿ, ನಮ್ಮ ಪಟ..."

"ಯಾವ ಪಟ? ಅದು ನಾನು ಬೆಂಗಳೂರಲ್ಲಿ ಕೊಂಡಿದ್ದು. ಪ್ರಪಂಚದಲ್ಲಿ ಇರೋದೇ ಒಂದು. ಕೂಲಿ ಹೆಂಗಸಿನ ಚಿತ್ರಕ್ಕೆ ನೀನ್ಯಾವ ವಾರಸುದಾರಳಮ್ಮ?"

ಇತ್ತ ಅವ್ವ ಬರಿ ಗೋಡೆ ನೋಡಿಕೊಂಡು "ಗಾಜು ಆಯ್ತಾ ಮಗ?" ಎಂದು ದಿನಾ ಕೇಳುತ್ತಿದ್ದಳು. ಕೇಳುತ್ತಲೇ ಕಣ್ಣುಮುಚ್ಚಿದಳು. ಮಣ್ಣು ಮಾಡಿ ಬಂದ ದಿನ ಮಲ್ಲಿಗಮ್ಮ ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಳು.

ಸೂತಕ ಕಳೆದ ಮೇಲೆ ಮನೆ ಸಾರಿಸುವಾಗ, ಇಲಿಬಿಲಕ್ಕೆ ಅಡ್ಡ ಹೊಡೆದಿದ್ದ ಹಳೇ ತಗಡೊಂದು ಕಳಚಿ ಬಂತು. ಹುಣಸೆಹಣ್ಣು ಹಾಕಿ ತಿಕ್ಕಿದರೆ ತಾಮ್ರ. ಅದರ ಮೈಮೇಲೆ ಗೀರುಗೀರಾಗಿ ಅಜ್ಜಿಯ ಮುಖ! ಮೂಗುಬೊಟ್ಟು ಮಾತ್ರ ಪಟದಲ್ಲಿದ್ದ ಕಡೆಯ ಬದಲು ಇನ್ನೊಂದು ಕಡೆಗಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಗಂಗಾಧರಸ್ವಾಮಿಗೆ ತೋರಿಸಿದಳು.

"ಇದು ಅಚ್ಚು ಕಣಮ್ಮ. ನಿಮ್ಮ ಪಟ ಒತ್ತಿರೋದೇ ಇದರಿಂದ, ಅದಕ್ಕೇ ಮೂಗುಬೊಟ್ಟು ತಿರುವುಮುರುವು. ದೊರೆ ಇಲ್ಲೇ ಬಿಟ್ಟುಹೋಗಿರ್ಬೇಕು. ಇದನ್ನ ಕೊಡ್ತೀನಿ ಅಂದ್ರೆ ವೃಷಭೇಂದ್ರಪ್ಪ ಪಟ ವಾಪಸ್ ಕೊಟ್ಟಾನು."

"ಅದು ಆಮ್ಯಾಕೆ. ಇದ್ರಲ್ಲಿ ಇನ್ನೂ ಎಷ್ಟು ಒತ್ಬೋದು ಮೇಷ್ಟ್ರೆ?"

"ಗೀರು ಸವೆಯೋ ತನಕ."

ಅವ್ವ ಸತ್ತ ಮೇಲೆ ಮಲ್ಲಿಗಮ್ಮ ನಕ್ಕಿದ್ದು ಅದೇ ಮೊದಲು.

ಮೈಸೂರಿನಲ್ಲಿ ಮೇಷ್ಟ್ರ ಗೆಳೆಯನ ಹತ್ತಿರ ಒತ್ತುವ ಯಂತ್ರವಿತ್ತು. ಒಂದು ಭಾನುವಾರ ಇಬ್ಬರೂ ಹೋದರು. ತಗಡು ಮೊದಲೇ ಸವೆದಿತ್ತು. ಎಪ್ಪತ್ತು ದಾಟುವಷ್ಟರಲ್ಲಿ ಗೆರೆಗಳು ಮಸುಕಾದವು.

"ಸಾಕಮ್ಮ. ಅಜ್ಜಿ ಕಣ್ಣೇ ಅಳಿಸಿಹೋಗ್ತಾ ಇದೆ" ಎಂದರು ಮೇಷ್ಟ್ರು.

ಮಲ್ಲಿಗಮ್ಮ ಹಸಿ ಕಾಗದವನ್ನು ಎತ್ತಿ ಹಿಡಿದು ಒಂದು ಗಳಿಗೆ ನೋಡಿದಳು.

"ಒತ್ತಿ" ಎಂದಳು.

ನೂರಾಗುವವರೆಗೆ ನಿಲ್ಲಿಸಲಿಲ್ಲ. ಕೊನೆಯವುಗಳಲ್ಲಿ ಕಣ್ಣಿನ ಜಾಗದಲ್ಲಿ ಬರಿ ನೆರಳಿತ್ತು.

ಮುಂದಿನ ತಿಂಗಳು ವೃಷಭೇಂದ್ರಪ್ಪ ಚಾಮರಾಜನಗರದ ಕಲ್ಯಾಣಮಂಟಪವೊಂದರಲ್ಲಿ ತನ್ನ ಸಂಗ್ರಹದ ಪ್ರದರ್ಶನವಿಟ್ಟ. ಲಂಡನ್ನಿನಿಂದ ವಿನ್‌ಲೇ ಚಿತ್ರಗಳ ಪಂಡಿತನೊಬ್ಬ ಬಂದಿದ್ದ. ನಟ್ಟನಡುವೆ ಚಾಮುಂಡಿಯ ಪಟ, ಕೆಳಗೆ ಚೀಟಿ: 'ಕೂಲಿ ಹೆಂಗಸು. ಏಕೈಕ ಪ್ರತಿ.'

ಮಲ್ಲಿಗಮ್ಮ ಬೆಳಗಿನ ಬಸ್ಸಿಗೇ ಹೊರಟಳು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಗಳಿಗೆಲ್ಲ ಒಂದೊಂದು ಪಟ ಹಂಚಿ ಬಸ್ಸು ಬದಲಿಸಿದಳು. ಮಂಟಪದ ಬಾಗಿಲಲ್ಲಿ ನಿಂತು, ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟ ಹಾಗೆ, ಬಂದವರ ಕೈಗೆಲ್ಲ ಒಂದೊಂದು ಕೊಟ್ಟಳು. ಏಕೈಕ ಪ್ರತಿಯ ಮುಂದೆ ಜನ ತಮ್ಮ ತಮ್ಮ ಪ್ರತಿ ಹಿಡಿದು ಹೋಲಿಸಿ ನೋಡತೊಡಗಿದರು. ಯಾರೋ ಕಿಸಕ್ಕೆಂದರು. ಪಂಡಿತ ಜೇಬಿನಿಂದ ಭೂತಕನ್ನಡಿ ತೆಗೆದ.

ಬೆವೆತುಹೋದ ವೃಷಭೇಂದ್ರಪ್ಪ ಪಟವನ್ನು ಗೋಡೆಯಿಂದ ಕಿತ್ತು ತಂದು ಅವಳ ಕೈಗೆ ತುರುಕಿದ.

"ತಗೊಂಡು ಹೋಗಮ್ಮ. ಈ ಕಾಗದಗಳೆಲ್ಲ ಝೆರಾಕ್ಸು ಅಂತ ಮೈಕಲ್ಲಿ ಒಂದು ಮಾತು ಹೇಳ್ಬುಡು, ಸಾಕು."

ಮಲ್ಲಿಗಮ್ಮ ಪಟವನ್ನು ಎದೆಗವಚಿಕೊಂಡು ಮೈಕಿನ ಮುಂದೆ ನಿಂತಳು.

"ಈವಮ್ಮ ನಮ್ಮಜ್ಜಿ, ಹಂಗಳದ ಚಾಮುಂಡಿ. ಗಾಜು ಹಾಕ್ಸಿ ಕೊಡ್ತೀನಿ ಅಂತ ವೃಷಭೇಂದ್ರಪ್ಪೋರು ಮೂರು ವರ್ಸದ ಹಿಂದೆ ತಕ್ಕೊಂಡೋಗಿದ್ರು. ಆಮ್ಯಾಕೆ ನಿಂದಲ್ಲ ಅಂದ್ರು. ಇವತ್ತು ಇಷ್ಟು ಜನದ ಮುಂದೆ ವಾಪಸ್ ಕೊಟ್ಟವ್ರೆ. ನೋಡಕ್ಕೆ ನಮ್ಮವ್ವ ಇರ್ಬೇಕಾಗಿತ್ತು."

ಬುದ್ದಿ ಅನ್ನುವ ಮಾತು ಅವಳ ಬಾಯಿಗೆ ಬರಲೇ ಇಲ್ಲ.

ಪಕ್ಕದವರು ಪಂಡಿತನಿಗೆ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಅವನು ಉಳಿದ ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಇದೆಲ್ಲಿ ಸಿಕ್ಕಿತು, ಇದೆಲ್ಲಿ ಸಿಕ್ಕಿತು ಎಂದು ಕೇಳುತ್ತಾ ಹೋದ. ವೃಷಭೇಂದ್ರಪ್ಪ ಪ್ರತಿ ಸಲವೂ ಊಟದ ಮನೆಯ ಕಡೆ ಕೈ ತೋರಿಸಿದ. ಪಂಡಿತ ಊಟಕ್ಕೂ ನಿಲ್ಲದೆ ಕಾರು ಹತ್ತಿದ.

ಹದಿನೈದು ದಿನದಲ್ಲಿ ಹರವೆ ಊರಿನ ಒಂದು ಮನೆಯವರು ತಮ್ಮ ತಾತನ ಚಿತ್ರ ಕೇಳಿಕೊಂಡು ವೃಷಭೇಂದ್ರಪ್ಪನ ಬಾಗಿಲಿಗೆ ಹೋದರು. ಆ ಸುದ್ದಿಯನ್ನು ಗಂಗಾಧರಸ್ವಾಮಿ ಶಾಲೆಯ ಅಡುಗೆಮನೆಗೆ ತಂದರು.

"ಪಾಪ, ಮನುಷ್ಯ ಪೇಟೆಯಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲವಂತೆ. ಕುದೇರಿನವರೂ ಯಾರೋ ಹೊರಟಿದ್ದಾರಂತೆ."

ಮಲ್ಲಿಗಮ್ಮ ಸಾಂಬಾರು ತಿರುವುತ್ತಿದ್ದ ಸೌಟನ್ನು ನಿಲ್ಲಿಸಲಿಲ್ಲ.

"ಕುದೇರಿನೋರ್ಗೆ ಮನೆ ಗೊತ್ತಿಲ್ದೆ ಇದ್ರೆ ಹೇಳಿ ಮೇಷ್ಟ್ರೆ" ಎಂದಳು. "ಒಂದಿನ ರಜ ಹಾಕಿ ನಾನೇ ಬಂದು ತೋರುಸ್ತೀನಿ."