ಬಿಚ್ಚದ ಎಂಜಿನ್

ಡೆಂಕಣಿಕೋಟೆಯಿಂದ ಹೊಸೂರಿನ ಕಾರ್ಖಾನೆಗಳಿಗೆ ದಿನಾ ಆರು ಹೆಣ್ಣುಮಕ್ಕಳನ್ನು ಕರೆದೊಯ್ಯುವ ಕನಕಮ್ಮನ ಡೀಸೆಲ್ ಗಾಡಿ ಐದು ಲಕ್ಷ ಕಿಲೋಮೀಟರ್ ದಾಟಿದ್ದು ಕಳೆದ ಶ್ರಾವಣದಲ್ಲಿ. ಹದಿನಾಲ್ಕು ವರ್ಷದಿಂದ ಅದರ ಸ್ಟೀರಿಂಗ್ ಹಿಡಿದವಳು ಅವಳೊಬ್ಬಳೇ. ಮೀಟರಿನಲ್ಲಿ ಆ ಅಂಕಿ ಕಂಡಾಗ ಆ ಆರು ಜನರಲ್ಲಿ ಒಬ್ಬಳಾದ, ಪಕ್ಕದ ಸೀಟಿನಲ್ಲಿದ್ದ ಸಹನಾ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದಳು. ಯಾರೋ ಅದನ್ನು ಯಾರಿಗೋ ಕಳಿಸಿದರು. ವಾರದೊಳಗೆ ಮೋಹನ್ ಎಂಬುವನು ಕ್ಯಾಮೆರಾ ಹಿಡಿದು ಕನಕಮ್ಮನ ಮನೆಗೆ ಬಂದ.

ಯಾವ ಕಾರು ಹೆಚ್ಚು ಕಾಲ ಬಾಳಿಕೆ ಬರುತ್ತದೆ ಎಂದು ವಿಡಿಯೊ ಮಾಡಿ ಹಾಕುವುದು ಅವನ ಕೆಲಸ. ಜೂಜುವಾಡಿಯಲ್ಲಿ ಹಳೇ ಕಾರು ಮಾರುವ ಯಾರ್ಡು ಕೂಡ ಅವನದೇ ಎಂಬುದನ್ನು ಅವನು ಹೇಳಲಿಲ್ಲ.

“ಜಾಸ್ತಿ ಏನೂ ಬೇಡ ಅಕ್ಕ. ಐದು ಲಕ್ಷ ಓಡೈತೆ, ಎಂಜಿನ್ ಬಿಚ್ಚೇ ಇಲ್ಲ. ಅಷ್ಟು ಹೇಳ್ಬುಡಿ ಸಾಕು.”

“ಎರಡು ಸಲ ಬಿಚ್ಚಿದೀವಲ್ಲಪ್ಪ. ಒಂದ್ಸಲ ನೀರು ಕಮ್ಮಿಯಾಗಿ ಗ್ಯಾಸ್ಕೆಟ್ ಹೋಗಿತ್ತು. ಇನ್ನೊಂದ್ಸಲ ಹೊಗೆ ಜಾಸ್ತಿ ಬರ್ತಿತ್ತು ಅಂತ ಮೆಕ್ಯಾನಿಕ್ ಆವುಲಪ್ಪ ರಿಂಗ್ ಬದಲಾಯಿಸ್ದ.”

“ಅದನ್ನೆಲ್ಲ ಯಾರು ಕೇಳ್ತಾರೆ?”

“ಕೇಳ್ಲಿ, ಬಿಡ್ಲಿ. ಎಂಜಿನ್ ಒಂದು ಸಲಾನೂ ಬಿಚ್ಚಿಲ್ಲ ಅಂದ್ರೆ ಸುಳ್ಳಾಯ್ತದೆ. ಈ ಗಾಡೀನೇ ತಗೊಳ್ಳಿ ಅಂತ ನಾನು ಯಾರ್ಗೂ ಹೇಳಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯ್ಸಿ, ದಿನಾ ಬೆಳಗ್ಗೆ ನೀರು ನೋಡಿದ್ರೆ ಯಾವ ಗಾಡಿಯಾದ್ರೂ ಓಡ್ತದೆ.”

ಮೋಹನ್ ವಾದ ಮಾಡಲಿಲ್ಲ. ನಗುನಗುತ್ತಲೇ ಎಲ್ಲವನ್ನೂ ಚಿತ್ರೀಕರಿಸಿಕೊಂಡು ಹೋದ.

ವಿಡಿಯೊ ಬಂದ ದಿನ ಹುಡುಗಿಯರು ಅದನ್ನು ಗಾಡಿಯಲ್ಲೇ ಹಾಕಿದರು. ಕನಕಮ್ಮನ ಮುಖ, ಕನಕಮ್ಮನದೇ ದನಿ. “ಎಂಜಿನ್ ಒಂದು ಸಲಾನೂ ಬಿಚ್ಚಿಲ್ಲ.” ಆಮೇಲೆ, “ಈ ಗಾಡೀನೇ ತಗೊಳ್ಳಿ.” ಮುಂದಿನ ಮಾತನ್ನು ಮೋಹನ್ ಎರಡೂ ಕಡೆ ಕತ್ತರಿಸಿ ಹಾಕಿದ್ದ. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವರ ಸಂಭ್ರಮ ನೋಡಿ ಕನಕಮ್ಮನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಅವರನ್ನು ಇಳಿಸಿದ ಮೇಲೆ ಒಬ್ಬಳೇ ಕೂತು ಮತ್ತೆ ನೋಡಿದಳು. ತೆರೆಯುತ್ತ ಮುಚ್ಚುತ್ತ ಇದ್ದ ತನ್ನದೇ ಬಾಯಿ ಕಂಡು ಅವಳಿಗೆ ಹೇಸಿಗೆಯಾಯಿತು. ಫೋನ್ ಮಾಡಿದರೆ ಮೋಹನ್, “ಎಡಿಟಿಂಗಲ್ಲಿ ಅಂಗಾಗ್ಬುಡ್ತು ಅಕ್ಕ, ತೆಗೆಸ್ತೀನಿ” ಎಂದ. ತೆಗೆಸಲಿಲ್ಲ. ಅವಳೂ ಸುಮ್ಮನಾದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಸಹನಾ ಮುಖ ಊದಿಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಕಾರ್ಖಾನೆಯ ಗೇಟಿನ ಬಳಿ ಇಳಿದಾಗ ಹೇಳಿದಳು.

“ಅಪ್ಪ ಜೂಜುವಾಡೀಲಿ ಆ ವಿಡಿಯೊ ಮಾಡ್ದೋನ ಯಾರ್ಡಲ್ಲಿ ನಿಮ್ಮಂಥದ್ದೇ ಗಾಡಿ ತಗೊಂಡ್ರು ಕನಕಕ್ಕ. ಒಂದಿನ ತಂದು ನಿಮ್ಗೆ ತೋರ್ಸೋಣ ಅಂತಿದ್ರು. ನಿನ್ನೆ ಶೂಳಗಿರಿ ಹತ್ರ ನಿಂತೋಯ್ತು. ತಗೊಂಡು ಮೂರೇ ವಾರ.”

“ತಗೊಳ್ಳೋಕೆ ಮುಂಚೆ ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?”

“ನೀವು ವಿಡಿಯೊದಲ್ಲಿ ಹೇಳಿದ್ರಲ್ಲ. ಇನ್ನೇನು ಕೇಳೋದು?”

ಕನಕಮ್ಮ ಗಾಡಿ ತಿರುಗಿಸಿಕೊಂಡು ಸಹನಾಳ ಮನೆಗೆ ಹೋದಳು. ಅಂಗಳದಲ್ಲಿ ಎಳೆದು ತಂದು ನಿಲ್ಲಿಸಿದ್ದ ಗಾಡಿಯ ಪಕ್ಕ ಅವಳ ಅಪ್ಪ ರಾಮಚಂದ್ರಪ್ಪ ಕಲ್ಲಿನ ಮೇಲೆ ಕೂತಿದ್ದ. ಬಾನೆಟ್ ಎತ್ತಿದರೆ ಮೇಲೆಲ್ಲ ಫಳಫಳ. ಯಾವುದೋ ಎಣ್ಣೆ ಹಚ್ಚಿ ಒರೆಸಿದ್ದರು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಬೆರಳಿಟ್ಟಳು. ಹಳಸಿದ ಮೊಸರಿನಂಥ ಲೋಳೆ ಬೆರಳಿಗೆ ಅಂಟಿತು. ಎಂಜಿನ್ನಿನೊಳಗೆ ನೀರು ಎಣ್ಣೆ ಬೆರೆತು ಎಷ್ಟೋ ದಿನಗಳಾಗಿದ್ದವು. ಕಮಟು ವಾಸನೆಯ ಆ ಲೋಳೆಯನ್ನು ಬಾನೆಟ್ಟಿನ ಅಂಚಿಗೆ ಒರೆಸಿದಳು.

“ನಂದು ಎರಡು ಸಲ ಬಿಚ್ಚೈತೆ ರಾಮಚಂದ್ರಣ್ಣ. ಆ ಮೋಹನ್ ವಿಡಿಯೊದಲ್ಲಿ ನನ್ನ ಮಾತ್ನ ಕತ್ತರಿಸಿ ಹಾಕವ್ನೆ” ಎಂದಳು.

ಅವನು ತಲೆ ಎತ್ತದೆ, “ಗೊತ್ತಿದ್ದೂ ಸುಮ್ನಿದ್ರಾ?” ಎಂದ.

ಅಲ್ಲಿಂದ ನೇರ ಜೂಜುವಾಡಿಗೆ ಹೋದಳು. ಯಾರ್ಡಿನ ಮುಂದೆ ಅವಳ ಮುಖದ್ದೇ ದೊಡ್ಡ ಬ್ಯಾನರ್ ಕಟ್ಟಿದ್ದರು. ಒಳಗೆ ಒಂದು ಗಾಡಿ ನೋಡುತ್ತಿದ್ದ ಗಂಡಹೆಂಡತಿ ಅವಳನ್ನು ಗುರುತಿಸಿ ಹತ್ತಿರ ಬಂದರು. ಹೆಂಡತಿ, “ನಿಮ್ಮನ್ನ ನೋಡೇ ಬಂದಿದ್ದು ಮೇಡಂ” ಎನ್ನುತ್ತ ಕೈ ಹಿಡಿದುಕೊಂಡಳು. ಕನಕಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು, ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಗ್ಯಾಸ್ಕೆಟ್, ರಿಂಗು, ಕತ್ತರಿಸಿದ ಮಾತು, ರಾಮಚಂದ್ರಪ್ಪನ ಅಂಗಳದಲ್ಲಿ ನಿಂತ ಗಾಡಿ. “ತಗೊಳ್ಳೋದಾದ್ರೆ ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಬಂದು ಆಯಿಲ್ ಮುಚ್ಚಳ ತೆಗ್ಸಿ ನೋಡಿ” ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು.

ಮೋಹನ್ ಸಿಟ್ಟಾಗಲಿಲ್ಲ. ಟೀ ತರಿಸುತ್ತೇನೆಂದ. ಅವಳ ಗಾಡಿಯ ಸುತ್ತ ಒಂದು ಸುತ್ತು ಬಂದು, “ಟೈರೆಲ್ಲ ಸವೆದೋಗವೆ ಅಕ್ಕ. ನಾಲ್ಕೂ ಹೊಸದು ಹಾಕಿಸ್ಕೊಡ್ತೀನಿ. ಈ ವಿಷಯ ಇಲ್ಲಿಗೆ ಬಿಟ್ಬುಡಿ” ಎಂದ.

ಟೈರು ಸವೆದದ್ದು ನಿಜ. ಹೊಸ ಟೈರುಗಳನ್ನು ಅವಳ ಮನಸ್ಸು ಒಂದು ಕ್ಷಣ ಕಂಡಿತು ಕೂಡ. ಆ ಕ್ಷಣಕ್ಕೆ ತನ್ನ ಮೇಲೇ ಹುಟ್ಟಿದ ಅಸಹ್ಯ ಅವನ ಮೇಲಿನದಕ್ಕಿಂತ ದೊಡ್ಡದಾಗಿತ್ತು. ಪಕ್ಕಕ್ಕೆ ಹೋಗಿ ಉಗಿದು ಬಂದಳು.

“ರಾಮಚಂದ್ರಣ್ಣನ ದುಡ್ಡು ವಾಪಸ್ ಕೊಡು. ವಿಡಿಯೊ ತೆಗಿ. ತೆಗೆಯೋ ತನ್ಕ ನಾನು ದಿನಾ ಇಲ್ಲಿಗೆ ಬತ್ತೀನಿ, ಬಂದೋರ್ಗೆಲ್ಲ ಹೇಳ್ತೀನಿ.”

ಹೇಳಿದಂತೆಯೇ ಹೋದಳು. ಹುಡುಗಿಯರನ್ನು ಕಾರ್ಖಾನೆಗೆ ಬಿಟ್ಟು, ಯಾರ್ಡಿನೆದುರು ಗಾಡಿ ನಿಲ್ಲಿಸಿ, ಒಳಗೆ ಹೋಗುವವರಿಗೆ ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಳುತ್ತ ನಿಂತಳು. ಒಂಬತ್ತನೆಯ ದಿನ ಬ್ಯಾನರ್ ಇಳಿಯಿತು, ವಿಡಿಯೊ ಹೋಯಿತು. ರಾಮಚಂದ್ರಪ್ಪನಿಗೆ, ತಾನು ಕೊಟ್ಟಿದ್ದ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು. ಉಳಿದರ್ಧ ಬರಲಿಲ್ಲ. ಅವನ ಗಾಡಿಯ ಎಂಜಿನ್ ಬ್ಲಾಕೇ ಬಿರುಕು ಬಿಟ್ಟಿದೆ, ರಿಪೇರಿಗೆ ಯೋಗ್ಯವಲ್ಲ ಎಂದು ಆವುಲಪ್ಪ ಕೈ ಚೆಲ್ಲಿದ.

ಸಹನಾ ಕಂಪನಿ ಬಸ್ಸಿಗೆ ಹೋಗತೊಡಗಿದಳು. ಜಗಳವೇನೂ ಆಗಲಿಲ್ಲ, ಮುಂದಿನ ತಿಂಗಳಿಂದ ಬರುವುದಿಲ್ಲ ಎಂದು ಮೆಸೇಜ್ ಹಾಕಿದಳು. ಮುಂದಿನ ಸೀಟಿನಲ್ಲಿ ಜಯಂತಿ ಎಂಬ ಇನ್ನೊಬ್ಬಳು ಬಂದು ಕೂತಳು. ಅವಳು ಬಾಗಿಲು ಹಾಕಿಕೊಳ್ಳುವ ಮೊದಲೇ ಕನಕಮ್ಮ ಹೇಳಿದಳು, “ನೋಡಮ್ಮ, ಈ ಗಾಡಿ ಎಂಜಿನ್ ಎರಡು ಸಲ ಬಿಚ್ಚೈತೆ.” ಜಯಂತಿ ಏನೆಂದು ತಿಳಿಯದೆ, ಆಯಿತಕ್ಕ ಎಂದು ಸೀಟ್ ಬೆಲ್ಟ್ ಹಾಕಿಕೊಂಡಳು.