ವಾಪಸ್ಸು ಹೋದ ಲಕೋಟೆ

ಕೋರ್ಟಿನ ವರಾಂಡದಲ್ಲಿ ಅರ್ಜಿ ಟೈಪು ಮಾಡುವ ಟೈಪಿಸ್ಟಮ್ಮನಿಗೆ ವಕೀಲಿ ಸನ್ನದು ಇರಲಿಲ್ಲ. ಇದ್ದದ್ದು ಇಪ್ಪತ್ತಾರು ವರ್ಷ ಎಲ್ಲರ ಗೋಳು ಕೇಳಿ ಪಳಗಿದ ಕಿವಿ. ಯಾವುದಕ್ಕೆ ವಕೀಲರು ಬೇಕು, ಯಾವುದಕ್ಕೆ ಬೇಡ ಎಂದು ಜನ ಮೊದಲು ಅವಳನ್ನೇ ಕೇಳುತ್ತಿದ್ದರು. ಹೆಸರಿನಲ್ಲಿ ಒಂದಕ್ಷರ ತಪ್ಪಿದೆಯೇ? ಬೇಡ, ಒಂದು ಅರ್ಜಿ ಸಾಕು. ಪಕ್ಕದ ಮನೆಯ ನಾಯಿ ಬೊಗಳುತ್ತದೆಯೇ? ಬೇಡ, ಮೊದಲು ಪಕ್ಕದ ಮನೆಯವರ ಹತ್ತಿರ ಮಾತಾಡಿ. ಮನೆ, ಮಗು, ಜೈಲು, ಈ ಮೂರರಲ್ಲಿ ಒಂದರ ಸುದ್ದಿ ಬಂತೋ, ಅವಳ ಬೆರಳು ನೇರ ವಕೀಲರ ಕೋಣೆಗಳತ್ತ ತಿರುಗುತ್ತಿತ್ತು.

ಅವತ್ತು ಬೆಳಿಗ್ಗೆ ಒಬ್ಬ ದರ್ಜಿ ಬಂದ. ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

"ಅಮ್ಮಾ, ಅಂಗಡಿ ಮಾಲೀಕ್ರು ರಿಜಿಸ್ಟರ್ ಪೋಸ್ಟ್ ಕಳಿಸಿದ್ರು. ಖಾಲಿ ಮಾಡು ಅಂತಾನೇ ಇರುತ್ತೆ. ನಾನು ಬೇಡ ಅಂತ ವಾಪಸ್ ಕಳಿಸ್ಬಿಟ್ಟೆ. ಬಂದೇ ಇಲ್ಲ ಅಂತಾಯ್ತಲ್ಲ?"

"ಹಾಗಂದುಕೊಂಡವರೇ ಇಲ್ಲಿ ಚಪ್ಪಲಿ ಸವೆಸ್ತಿರೋದು. ಬೇಡ ಅಂದ್ರೂ ಸಾಮಾನ್ಯವಾಗಿ ಅದು ಕೈಗೆ ಸೇರಿದ ಹಾಗೇ. ಉತ್ತರ ಕೊಡೋ ಭಾರ ನಿಮ್ಮ ಮೇಲೆ ಇದ್ದೇ ಇರುತ್ತೆ. ಈಗ್ಲೇ ವಕೀಲರನ್ನ ನೋಡಿ. ನೀವಾಗಿ ಏನೂ ಬರೀಬೇಡಿ, ಎಲ್ಲೂ ಸಹಿ ಹಾಕ್ಬೇಡಿ."

ದರ್ಜಿ ದಡಬಡಿಸಿ ಒಳಗೆ ಹೋದ. ಟೈಪಿಸ್ಟಮ್ಮನ ಬೆರಳು ಮಾತ್ರ ಕೀಲಿಗಳ ಮೇಲೆ ನಿಂತೇಹೋಯಿತು.

ಮೂರು ವರ್ಷದ ಹಿಂದೆ ಇದೇ ಮೇಜಿಗೆ ಅಕ್ಕನಿಂದ ರಿಜಿಸ್ಟರ್ ಲಕೋಟೆ ಬಂದಿತ್ತು. ಅಮ್ಮ ತೀರಿಕೊಂಡ ಮೇಲೆ ಮನೆಯ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟಿತ್ತು. ಒಡಹುಟ್ಟಿದವಳು ರಿಜಿಸ್ಟರ್ ಮಾಡಿ ಕಳಿಸಿದ್ದಾಳೆಂದರೆ ನೋಟೀಸಲ್ಲದೆ ಇನ್ನೇನು ಎಂದು ಇವಳ ತಲೆ ಕೆಟ್ಟಿತು. ಊರಿಗೆಲ್ಲ ಬುದ್ಧಿ ಹೇಳುವವಳು, ಒಡೆದು ನೋಡದೆ "ಬೇಡ ಅಂತ ಬರ್ಕೊಳ್ಳಿ" ಎಂದು ಪೋಸ್ಟ್‌ಮ್ಯಾನ್‌ಗೆ ಹೇಳಿಬಿಟ್ಟಳು. ಆಮೇಲೆ ಅಕ್ಕ ಬರೆಯಲಿಲ್ಲ. ಪೋಸ್ಟ್‌ಮ್ಯಾನ್ ಮೆಟ್ಟಿಲು ಹತ್ತಿದಾಗಲೆಲ್ಲ ಇವಳ ಕಣ್ಣು ಮಾತ್ರ ಅವನ ಕೈಯನ್ನೇ ನೋಡುತ್ತಿತ್ತು. ತಲೆ ಬಾಚಿಕೊಳ್ಳುವಾಗ ಕೂದಲು ಗಂಟಾದರೆ ಸಾಕು, ಸ್ಕೂಲಿಗೆ ಹೊತ್ತಾಯಿತೆಂದು ಬೈಯುತ್ತಲೇ ನೋಯದ ಹಾಗೆ ಬಿಡಿಸುತ್ತಿದ್ದ ಅಕ್ಕನ ಕೈ ನೆನಪಾಗುತ್ತಿತ್ತು.

ಉತ್ತರ ಕೊಡುವ ಭಾರ ನನ್ನ ಮೇಲಿದೆ ಅಂದುಕೊಂಡಳು. ಮಧ್ಯಾಹ್ನ ಯಂತ್ರಕ್ಕೆ ಹೊದಿಕೆ ಹಾಕಿ ಬಸ್ಸು ಹತ್ತಿದಳು.

ಬಾಗಿಲು ತೆಗೆದ ಅಕ್ಕನ ಕೂದಲು ಪೂರಾ ಬೆಳ್ಳಗಾಗಿತ್ತು. ಅವಳು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಅಕ್ಕಾ, ಆ ಲಕೋಟೆ..."

ಅಕ್ಕ ಬೀರುವಿನಿಂದ ಅದನ್ನು ತಂದು ಕೈಗಿಟ್ಟಳು. ಅಂಟು ಬಿಚ್ಚಿರಲಿಲ್ಲ.

"ರಿಜಿಸ್ಟರ್ ಯಾಕೆ ಮಾಡಿದ್ದೆ? ನಾನು ನೋಟೀಸು ಅಂದುಕೊಂಡೆ."

"ಮುಖ್ಯವಾದ್ದನ್ನ ರಿಜಿಸ್ಟರ್ ಮಾಡೇ ಕಳಿಸ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದೆಯಲ್ಲೇ."

ಟೈಪಿಸ್ಟಮ್ಮ ಲಕೋಟೆ ಹರಿದಳು. ಒಳಗೆ ನಾಲ್ಕೇ ಸಾಲು: "ಅಮ್ಮನ ಮನೆಗೆ ನನ್ನ ಹೆಸರಿನ ಜೊತೆ ನಿನ್ನ ಹೆಸರೂ ಸೇರಿಸಬೇಕು ಅಂತಿದ್ದೇನೆ. ಅದಕ್ಕೆ ವಕೀಲರು ಬೇಕಾ, ನೀನೇ ಬಂದು ಬರೆದುಕೊಟ್ಟರೆ ಸಾಕಾ? ಬರುವುದಾದರೆ ಎರಡು ದಿನ ಇರುವ ಹಾಗೆ ಬಾ. ಒಬ್ಬಳೇ ಊಟಕ್ಕೆ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ."

ಮೂರು ವರ್ಷ ಅಕ್ಕ ಒಬ್ಬಳೇ ಊಟಕ್ಕೆ ಕೂತಿದ್ದಳು. ಟೈಪಿಸ್ಟಮ್ಮನಿಗೆ ಅಕ್ಷರಗಳು ಮಂಜಾದವು. ಸೆರಗಿನಿಂದ ಕಣ್ಣೊರೆಸಿಕೊಂಡು, ದಿನವೂ ಮೇಜಿನ ಹಿಂದೆ ಕೂತು ಹೇಳುವ ಧಾಟಿಯಲ್ಲೇ ಹೇಳಲು ನೋಡಿದಳು.

"ಮನೆ ವಿಷಯ ಅಲ್ವಾ, ಅದಕ್ಕೆ ವಕೀಲರು ಬೇಕೇ ಬೇಕು ಅಕ್ಕಾ."

ಅಕ್ಕನ ಮುಖ ಬಾಡಿತು. "ಹಾಗಾದ್ರೆ ನೀನು ಬರೋ ಅಗತ್ಯ ಇರ್ಲಿಲ್ಲ ಅನ್ನು."

"ಎರಡು ದಿನ ಇರೋಕೆ ವಕೀಲರು ಬೇಡ," ಅಂದಳು ತಂಗಿ.